ಖಾಲಿ ಚೌಕಕ್ಕೆ ಏನು ಬರೀಬೇಕು?

ಕಳೆದ ರಾಜ್ಯೋತ್ಸವದ ವಾರ ನಮ್ಮ ಸಂಘದಿಂದ ನಡೆಸಿದ ಪದದ ಆಟ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದಿನಕ್ಕೊಂದು ಗುಟ್ಟಿನ ಪದ, ಜೊತೆಗೆ ಒಂದು ಸುಳಿವು, ಆರು ಅವಕಾಶ. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ಟೈಪ್ ಮಾಡಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ರೆ ಹಳದಿ. ಇಂಗ್ಲಿಷ್ ವರ್ಡಲ್ ಆಡಿದವರಿಗೆ ಇದು ಹೊಸದೇನಲ್ಲ.

ನಾಲ್ಕನೇ ದಿನ ಬೆಳಗ್ಗೆ ಮೆಸ್‌ನಲ್ಲಿ ಇಡ್ಲಿ ತಟ್ಟೆ ಹಿಡ್ಕೊಂಡು ನಿಂತಿದ್ದಾಗ ಮೊದಲ ವರ್ಷದ ಹುಡುಗನೊಬ್ಬ ನಮ್ಮ ಟೇಬಲ್ ಹತ್ರ ಬಂದ. "ಅಣ್ಣಾ, ಇವತ್ತಿನ ಪದಕ್ಕೆ ಐದು ಚೌಕ ಕೊಟ್ಟಿದ್ದೀರಲ್ವಾ? ನಾಲ್ಕು ಹಸಿರಾಯ್ತು. ನಡುವಿನದ್ದಕ್ಕೆ ಏನು ಹಾಕಿದ್ರೂ ಆಗ್ತಿಲ್ಲ. ಆರೂ ಚಾನ್ಸ್ ಮುಗೀತು. ಆ ಖಾಲಿ ಚೌಕಕ್ಕೆ ಏನು ಬರೀಬೇಕು?"

ಅವನ ಫೋನ್ ಇಸ್ಕೊಂಡು ನೋಡಿದ್ವಿ. ಸಾ, ಫ್ಟ್, ಒಂದು ಖಾಲಿ, ವೇ, ರ್. ಪದ 'ಸಾಫ್ಟ್‌ವೇರ್'. ನಾಲ್ಕು ಚೌಕ ಸಾಕಿತ್ತು. ಐದನೆಯದು ಎಲ್ಲಿಂದ ಬಂತು ಅಂತ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಯಾಕಂದ್ರೆ ಅಕ್ಷರ ಒಡೆಯೋ ಆ ಕೋಡನ್ನ ನಾವು ಬರೆದೇ ಇರಲಿಲ್ಲ. ಆದರೆ ಅದಕ್ಕೆ ಎರಡು ವಾರ ಮೊದಲು ಬೇರೊಂದು ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ, ಅದೇ ಆಟಕ್ಕೆ, 'ಪೂರ್ತಿ ನಾವೇ ಬರೆದದ್ದು' ಅನ್ನೋ ಸ್ಲೈಡ್ ತೋರಿಸಿ ಎರಡನೇ ಬಹುಮಾನ ತಗೊಂಡು ಬಂದಿದ್ವಿ.

ಈ ಲೇಖನ ಬರೆಯೋದೋ ಬೇಡವೋ ಅಂತ ನಮ್ಮಲ್ಲಿ ಬಹಳ ಚರ್ಚೆ ಆಯ್ತು. ಕೊನೆಗೆ ಮೂರು ಮತ ಬರೆಯೋಣ ಅಂತ, ಒಂದು ಬೇಡ ಅಂತ. ಬೇಡ ಅಂದವನೇ ಕರಡು ತಿದ್ದಿಕೊಟ್ಟಿದ್ದಾನೆ.

ಮೊದಲಿಂದ ಹೇಳ್ತೀವಿ. ಆಟ ಮಾಡೋಕೆ ಶುರು ಮಾಡಿದಾಗ ನಮ್ಮ ಅಂದಾಜು ಒಂದು ಶನಿವಾರ, ಒಂದು ಭಾನುವಾರ. ಪದ ತಗೊಳ್ಳೋದು, ಅಕ್ಷರಗಳಾಗಿ ಒಡೆಯೋದು, ಹೋಲಿಸೋದು, ಬಣ್ಣ ಹಚ್ಚೋದು. ಇಷ್ಟೇ ತಾನೆ? ಮೊದಲ ಪರೀಕ್ಷೆಗೆ 'ಅಕ್ಷರ' ಅನ್ನೋ ಪದವನ್ನೇ ಕೊಟ್ವಿ. ಎಷ್ಟು ಅಕ್ಷರ ಅಂತ ಒಂದನೇ ಕ್ಲಾಸಿನ ಮಗು ಕೇಳಿದ್ರೂ ಹೇಳುತ್ತೆ: ಅ, ಕ್ಷ, ರ. ಮೂರು. ಜಾವಾಸ್ಕ್ರಿಪ್ಟ್ ಹೇಳಿದ್ದು ಐದು.

ಅದರ ತಪ್ಪಿಲ್ಲ. ಯೂನಿಕೋಡ್‌ನಲ್ಲಿ 'ಕ್ಷ'ಕ್ಕೆ ಅಂತ ಒಂದೇ ಸಂಕೇತ ಇಲ್ಲ. ಕ, ಆಮೇಲೆ ವಿರಾಮ ಅಂತ ಕರೆಯೋ ಆ ಅರ್ಧ ಮಾಡೋ ಚಿಹ್ನೆ, ಆಮೇಲೆ ಷ. ಮೂರು ಸಂಕೇತ ಸಾಲಾಗಿ ಇರುತ್ತೆ. ಅದನ್ನ ಜೋಡಿಸಿ ಒತ್ತಕ್ಷರವಾಗಿ ತೋರಿಸೋದು ಫಾಂಟ್ ಮತ್ತು ಅದನ್ನ ಓದೋ ತಂತ್ರಾಂಶದ ಕೆಲಸ. ಸ್ಟ್ರಿಂಗಿನ ಉದ್ದ ಕೇಳಿದ್ರೆ ಜಾವಾಸ್ಕ್ರಿಪ್ಟ್ ಆ ಸಂಕೇತಗಳನ್ನ ಎಣಿಸುತ್ತೆ, ಕಣ್ಣಿಗೆ ಕಾಣೋ ಅಕ್ಷರಗಳನ್ನಲ್ಲ. ನಮ್ಮ ಆಟದಲ್ಲಿ ವಿರಾಮಚಿಹ್ನೆ ಒಂದೇ ಒಂದು ಚೌಕದಲ್ಲಿ ಅನಾಥವಾಗಿ ನೇತಾಡ್ತಾ ಇತ್ತು.

"ಇದಕ್ಕೆ ಬ್ರೌಸರ್‌ನಲ್ಲೇ ಏನೋ ಇದೆ ಕಣೋ" ಅಂತ ಹಾಸನದವ ಹುಡುಕಿ ತಂದ. ಇಂಟ್ಲ್ ಸೆಗ್ಮೆಂಟರ್. ಭಾಷೆಗೆ ತಕ್ಕ ಹಾಗೆ ಪಠ್ಯವನ್ನ ತುಂಡು ಮಾಡೋ ಸೌಲಭ್ಯ, ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಭಾಷೆ ಕನ್ನಡ ಅಂತ ಹೇಳಿ ಮತ್ತೆ 'ಅಕ್ಷರ' ಕೊಟ್ವಿ. ಈ ಸಲ ನಾಲ್ಕು. ಅ, ಕ್, ಷ, ರ.

ಐದರಿಂದ ನಾಲ್ಕಕ್ಕೆ ಬಂತು, ಮೂರಕ್ಕೆ ಬರಲಿಲ್ಲ. ಕಾರಣ ಹುಡುಕ್ತಾ ಹೋದಾಗ ಸಿಕ್ಕಿದ್ದು ಸ್ವಲ್ಪ ಹೊಟ್ಟೆ ಉರಿಸಿತು. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನ ನಡುವೆ ಕತ್ತರಿಸಬಾರದು ಅಂತ ಒಂದು ಹೊಸ ನಿಯಮ ಸೇರಿಸಿದ್ರು. ಅದು ಅನ್ವಯ ಆಗೋದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಕ್ಕಿಲ್ಲ ಅಂತ ಧಾರವಾಡದವಳು ಅರ್ಧ ಗಂಟೆ ಬೈದಳು. ಬೈದ್ರೆ ಕೆಲಸ ಆಗಲ್ಲವಲ್ಲ. ಎನ್‌ಪಿಎಂನಲ್ಲಿ ಹುಡುಕಿದ್ವಿ.

ಸಿಕ್ಕಿತು. ಭಾರತೀಯ ಲಿಪಿಗಳ ಪದಗಳನ್ನ ಅಕ್ಷರಗಳಾಗಿ ಒಡೆಯೋಕೆ ಅಂತಲೇ ಒಬ್ಬರು ಬರೆದಿಟ್ಟ ಪುಟ್ಟ ಲೈಬ್ರರಿ. ಒಂದೇ ಫೈಲ್, ನೂರು ಸಾಲೂ ಇಲ್ಲ. 'ಅಕ್ಷರ' ಕೊಟ್ವಿ, ಮೂರು ಬಂತು. 'ಸ್ತ್ರೀ' ಕೊಟ್ವಿ, ಒಂದು ಬಂತು. ಆ ರಾತ್ರಿ ಹಾಸ್ಟೆಲ್‌ನಲ್ಲಿ ಮ್ಯಾಗಿ ಪಾರ್ಟಿ.

ಇಲ್ಲಿವರೆಗೂ ತಪ್ಪೇನೂ ಇರಲಿಲ್ಲ. ತಪ್ಪು ಮಾಡಿದ್ದು ಮಾರನೇ ದಿನ.

ನಮ್ಮ ಪ್ರಾಜೆಕ್ಟಿಗೆ ನಾವು ಕೈಯಾರೆ ಸೇರಿಸಿದ್ದ ಲೈಬ್ರರಿಗಳು ಬೆರಳೆಣಿಕೆಯಷ್ಟು. ಅವುಗಳ ಹಿಂದೆ ಸಂಬಂಧಿಕರ ಹಾಗೆ ಬಂದು ಕೂತ ಪ್ಯಾಕೇಜ್‌ಗಳು ಇನ್ನೂರಕ್ಕೂ ಹೆಚ್ಚು. ನೋಡ್ ಮಾಡ್ಯೂಲ್ಸ್ ಫೋಲ್ಡರ್ ತೆರೆದು ನೋಡಿದವರಿಗೆ ಇದು ಗೊತ್ತು. ಮದುವೆಗೆ ಹತ್ತು ಜನರನ್ನ ಕರೆದ್ರೆ ಬಸ್ಸು ತುಂಬಾ ಬಂದ ಹಾಗೆ. ಫೆಸ್ಟ್‌ನ ಅಂಕಪಟ್ಟಿಯಲ್ಲಿ 'ಸ್ವಂತಿಕೆ'ಗೆ ಬೇರೆ ಅಂಕ ಇತ್ತು. "ಇದೊಂದೇ ಫೈಲ್ ತಾನೆ ಮಗಾ, ಕಾಪಿ ಮಾಡಿ ನಮ್ಮ ಫೋಲ್ಡರ್‌ಗೆ ಹಾಕಿದ್ರೆ ಆಯ್ತು" ಅಂತ ಬೆಂಗಳೂರಿನವ ಅಂದ. ಕಾಪಿ ಮಾಡಿದ್ವಿ. ಫೈಲಿನ ಮೇಲ್ಗಡೆ ಬರೆದವರ ಹೆಸರು, ವರ್ಷ, ಎಂಐಟಿ ಲೈಸೆನ್ಸ್ ಅಂತ ಐದಾರು ಸಾಲು ಇತ್ತು. ಅದನ್ನ ಅಳಿಸಿದ್ವಿ. ಅಳಿಸಿದ್ದು ಒಬ್ಬರ ಕೈ. ನೋಡ್ತಾ ನಿಂತಿದ್ದು ನಾಲ್ವರೂ. ಯಾರೂ ಬೇಡ ಅನ್ನಲಿಲ್ಲ.

ಆಗ ನಮ್ಮ ತಲೇಲಿ ಇದ್ದದ್ದು ಇಷ್ಟೇ: ಓಪನ್ ಸೋರ್ಸ್ ಅಂದ್ರೆ ಫ್ರೀ, ಫ್ರೀ ಅಂದ್ರೆ ಯಾರದ್ದೂ ಅಲ್ಲ. ಎಂಐಟಿ ಲೈಸೆನ್ಸನ್ನ ಆವರೆಗೆ ನಾವ್ಯಾರೂ ಪೂರ್ತಿ ಓದಿರಲಿಲ್ಲ. ಓದೋಕೆ ಎರಡು ನಿಮಿಷ ಸಾಕು. ಬಳಸಿ, ಬದಲಾಯಿಸಿ, ಹಂಚಿ, ಮಾರಿಕೊಳ್ಳಿ ಬೇಕಾದ್ರೆ, ಅಂತ ಎಲ್ಲಕ್ಕೂ ಒಪ್ಪಿಗೆ ಕೊಡುತ್ತೆ. ಪ್ರತಿಯಾಗಿ ಕೇಳೋದು ಒಂದೇ ಒಂದು: ಈ ಹೆಸರು ಮತ್ತು ಈ ಒಪ್ಪಿಗೆ ಪತ್ರವನ್ನ ಪ್ರತಿಗಳ ಜೊತೆ ಉಳಿಸಿ. ಅವರು ಕೇಳಿದ್ದ ಒಂದೇ ಒಂದು ಬಾಡಿಗೆಯನ್ನೇ ನಾವು ಕೊಡದೆ ಬಂದಿದ್ವಿ.

ಬಹುಮಾನದ ಹಣ ಮೂರು ಸಾವಿರ. ಅದರಲ್ಲಿ ಬಿರಿಯಾನಿ ತಿಂದ್ವಿ, ಉಳಿದದ್ದನ್ನ ಸಂಘದ ಡಬ್ಬಿಗೆ ಹಾಕಿದ್ವಿ. ಲಿಂಕ್ಡ್‌ಇನ್‌ನಲ್ಲಿ ಫೋಟೋ ಹಾಕಿ, 'ಶೂನ್ಯದಿಂದ ಕಟ್ಟಿದ್ದು' ಅಂತಲೂ ಬರೆದ್ವಿ.

ಈಗ ಮತ್ತೆ ಆ ಖಾಲಿ ಚೌಕಕ್ಕೆ ಬರೋಣ.

ಮೆಸ್‌ನಿಂದ ಸೀದಾ ಲ್ಯಾಬ್‌ಗೆ ಹೋಗಿ ಕೂತ್ವಿ. 'ಸಾಫ್ಟ್‌ವೇರ್' ಪದದ ಒಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಸೊನ್ನೆ ಅಗಲದ, ಜೋಡಿಸಬೇಡ ಅಂತ ಹೇಳೋ ಗುರುತು. ಅದಿಲ್ಲದಿದ್ರೆ ಪದ 'ಸಾಫ್ಟ್ವೇರ್' ಅಂತ ಆಗಿ, 'ವೇ' ಹೋಗಿ ಒತ್ತಾಗಿ ಕೆಳಗೆ ಕೂರುತ್ತೆ. ಅದು ಇದ್ರೆ ಟ್ ಮತ್ತು ವೇ ಬೇರೆ ಬೇರೆ. ನಮ್ಮ ಕೀಬೋರ್ಡುಗಳು ಅದನ್ನ ಸದ್ದಿಲ್ಲದೆ ಸೇರಿಸಿಬಿಡ್ತವೆ, ಹಾಗಾಗಿ ನಾವು ಗಮನಿಸಿರಲ್ಲ. ಲೈಬ್ರರಿಗೆ ಆ ಗುರುತಿನ ಪರಿಚಯ ಇರಲಿಲ್ಲ. ಅದನ್ನೂ ಒಂದು ಅಕ್ಷರ ಅಂತ ಎಣಿಸಿ ಒಂದು ಚೌಕ ಕೊಟ್ಟುಬಿಟ್ಟಿತ್ತು. ಆ ಹುಡುಗ ಇಡೀ ಕೀಬೋರ್ಡ್ ಒತ್ತಿದ್ರೂ ಅದಕ್ಕೆ ಉತ್ತರ ಸಿಕ್ತಿರಲಿಲ್ಲ.

ಇನ್ನೆರಡು ದಿನಕ್ಕೆ ಇಟ್ಟಿದ್ದ ಪದ ನೋಡಿದ್ರೆ ಅದು 'ರ‍್ಯಾಂಕ್'. ಅದು ಇನ್ನೂ ಕೆಟ್ಟದಾಗಿ ಒಡೀತು. 'ಸೂರ್ಯ'ದಲ್ಲಿ ರ್ ಬರೋದು ಅರ್ಕಾವತ್ತಾಗಿ, ಯ ಆದ ಮೇಲೆ ಪಕ್ಕದಲ್ಲಿ. 'ರ‍್ಯಾಂಕ್'ನಲ್ಲಿ ರ ಪೂರ್ತಿಯಾಗಿ ನಿಲ್ಲಬೇಕು, ಯ ಒತ್ತಾಗಬೇಕು. ಎರಡರಲ್ಲೂ ಇರೋದು ಅದೇ ರ, ಅದೇ ವಿರಾಮ, ಅದೇ ಯ. ವ್ಯತ್ಯಾಸ ತೋರಿಸೋಕೆ ರ ಆದ ಕೂಡಲೇ ಇನ್ನೊಂದು ಕಾಣದ ಗುರುತು ಹಾಕ್ತಾರೆ, ಇದು ಜೋಡಿಸು ಅನ್ನೋ ಗುರುತು. ಲೈಬ್ರರಿ ಅಲ್ಲಿಗೆ ಬಂದು ಮುಗ್ಗರಿಸಿ, ಎರಡು ಅಕ್ಷರದ ಪದವನ್ನ ನಾಲ್ಕು ಚೂರು ಮಾಡಿತ್ತು. ಇಂಜಿನಿಯರಿಂಗ್ ಕಾಲೇಜಲ್ಲಿ ರ‍್ಯಾಂಕ್ ಬರೋದು ಕಷ್ಟ ಅಂತ ಗೊತ್ತಿತ್ತು, ಬರೆಯೋದೂ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

ಇದನ್ನ ಯಾರಾದ್ರೂ ಆಗಲೇ ಸರಿ ಮಾಡಿರಬಹುದು ಅಂತ ಮೂಲ ಲೈಬ್ರರಿಯ ಗಿಟ್‌ಹಬ್ ಪುಟಕ್ಕೆ ಹೋದ್ವಿ. ನಿಜ ಹೇಳ್ಬೇಕಂದ್ರೆ ಆ ಪುಟವನ್ನ ಗಮನ ಕೊಟ್ಟು ನೋಡಿದ್ದು ಅವತ್ತೇ ಮೊದಲು. ಕೊನೆಯ ಬದಲಾವಣೆ ಆಗಿ ಮೂರು ವರ್ಷ ಆಗಿತ್ತು. ಬರೆದವರು ಒಬ್ಬರೇ. ಯಾರೋ ಒಂದು ದೂರಿನ ಕೆಳಗೆ, 'ಇನ್ನೂ ಯಾಕೆ ಸರಿ ಮಾಡಿಲ್ಲ' ಅಂತ ಜೋರು ಮಾಡಿದ್ರು. ಅದಕ್ಕೆ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಸಿಗೋ ಹೊತ್ತಲ್ಲಿ ಇದನ್ನ ಮಾಡ್ತಿದ್ದೆ, ಈಗ ಆಗ್ತಿಲ್ಲ, ಈ ಲಿಪಿಗಳನ್ನ ಓದೋಕೆ ಬರೋರು ಯಾರಾದ್ರೂ ಸಹಾಯ ಮಾಡಿದ್ರೆ ಖುಷಿ.

ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವೆಬ್ ಅನ್ನೋದು ಇಂಥವರ ಮೇಲೆ ಎಷ್ಟು ನಿಂತಿದೆ ಅನ್ನೋದಕ್ಕೆ ದೊಡ್ಡ ದೊಡ್ಡ ಕಥೆಗಳೇ ಇವೆ. 2016ರ ಮಾರ್ಚ್‌ನಲ್ಲಿ ಅಝರ್ ಕೊಚುಲು ಅನ್ನೋ ಪ್ರೋಗ್ರಾಮರ್‌ಗೂ ಕಿಕ್ ಅನ್ನೋ ಕಂಪನಿಗೂ ಒಂದು ಪ್ಯಾಕೇಜಿನ ಹೆಸರಿನ ಬಗ್ಗೆ ಜಗಳ ಆಯ್ತು. ಎನ್‌ಪಿಎಂ ಆ ಹೆಸರನ್ನ ಕಂಪನಿಗೆ ಕೊಡೋಕೆ ಹೊರಟಾಗ ಅವರು ಬೇಜಾರಾಗಿ ತಮ್ಮ 250ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನ ವಾಪಸ್ ತಗೊಂಡ್ರು. ಅದರಲ್ಲಿ ಲೆಫ್ಟ್ ಪ್ಯಾಡ್ ಅಂತ ಒಂದು. ಬರೀ 11 ಸಾಲಿನ ಕೋಡ್. ಒಂದು ಸ್ಟ್ರಿಂಗ್ ಬೇಕಾದಷ್ಟು ಉದ್ದ ಆಗೋವರೆಗೆ ಎಡಗಡೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬೋದು, ಅಷ್ಟೇ ಅದರ ಕೆಲಸ. ನಮ್ಮ ಮೊದಲ ಸೆಮಿಸ್ಟರ್ ಸಿ ಲ್ಯಾಬ್‌ನಲ್ಲಿ ಕೊಡಬಹುದಾದ ಪ್ರಶ್ನೆ. ಬೇಬಲ್ ಅದರ ಮೇಲೆ ನಿಂತಿತ್ತು, ಬೇಬಲ್ ಮೇಲೆ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟ್‌ಗಳು ನಿಂತಿದ್ವು. ಲೋಕದ ತುಂಬಾ ಬಿಲ್ಡ್‌ಗಳು ಬಿದ್ವು. ಕೊನೆಗೆ ಎನ್‌ಪಿಎಂ ಅದೇ ದಿನ ಆ ಪ್ಯಾಕೇಜನ್ನ ಮತ್ತೆ ತಂದು ಕೂರಿಸಿತು, ಆಮೇಲೆ ಹಾಗೆ ವಾಪಸ್ ತಗೊಳ್ಳೋ ನಿಯಮವನ್ನೇ ಬಿಗಿ ಮಾಡಿತು. 2017ರ ಜಾವಾಸ್ಕ್ರಿಪ್ಟ್ ಆವೃತ್ತಿಯಲ್ಲಿ ಅದೇ ಕೆಲಸ ಮಾಡೋ ಪ್ಯಾಡ್‌ಸ್ಟಾರ್ಟ್ ಭಾಷೆಯ ಒಳಗೇ ಸೇರಿತು.

ನಮಗೆ ಅದಕ್ಕಿಂತ ಹೆಚ್ಚು ತಟ್ಟಿದ್ದು 2018ರ ಈವೆಂಟ್ ಸ್ಟ್ರೀಮ್ ಕಥೆ. ಬಹಳ ಜನ ಬಳಸ್ತಿದ್ದ ಲೈಬ್ರರಿ. ಬರೆದವರಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ, ದುಡ್ಡೂ ಬರ್ತಿರಲಿಲ್ಲ. ಅಪರಿಚಿತನೊಬ್ಬ ಇಮೇಲ್ ಮಾಡಿ 'ನಾನು ನೋಡ್ಕೊಳ್ತೀನಿ' ಅಂದ. ಇವರು ಬೀಗದಕೈ ಕೊಟ್ಟರು. ಅವನು ಬಿಟ್‌ಕಾಯಿನ್ ವಾಲೆಟ್ ಒಂದರ ಬಳಕೆದಾರರ ಹಣ ಕದಿಯೋ ಕೋಡನ್ನ ಒಳಗೆ ತೂರಿಸಿದ. ಆಮೇಲೆ ಎಲ್ಲರೂ ಬೈದದ್ದು ಬೀಗದಕೈ ಕೊಟ್ಟವರನ್ನ. ಅದಕ್ಕೆ ಮೊದಲು ಅವರ ಹೊರೆ ಹಂಚಿಕೊಳ್ಳೋಕೆ ಎಷ್ಟು ಜನ ಬಂದಿದ್ರು?

ನಮ್ಮ ಮುಂದಿದ್ದದ್ದು ಅಷ್ಟು ದೊಡ್ಡ ಲೈಬ್ರರಿಯೇನಲ್ಲ. ಆದ್ರೆ ಸಮಸ್ಯೆ ಅದೇ ಜಾತಿಯದ್ದು. ದೋಷ ಏನು ಅಂತ ನಮಗೆ ಗೊತ್ತಿತ್ತು, ಸರಿ ಮಾಡೋದೂ ಗೊತ್ತಿತ್ತು. ಹೇಳೋಕೆ ಹೋದ್ರೆ 'ನೀವು ಇದನ್ನ ಎಲ್ಲಿ ಬಳಸ್ತಿದ್ದೀರಿ' ಅನ್ನೋ ಪ್ರಶ್ನೆ ಬರುತ್ತೆ. ನಮ್ಮ ಕೋಡ್ ಎಲ್ಲರಿಗೂ ಕಾಣೋ ಹಾಗೆ ಗಿಟ್‌ಹಬ್‌ನಲ್ಲಿತ್ತು. ಅವರ ಫೈಲು, ಅವರ ಹೆಸರಿಲ್ಲದೆ.

ಅವತ್ತು ರಾತ್ರಿ ಜಗಳ ಆಯ್ತು. ಬೆಂಗಳೂರಿನವ ಹೇಳಿದ್ದು: "ನಮ್ಮ ಪ್ರತಿಯಲ್ಲಿ ಸರಿ ಮಾಡ್ಕೊಂಡು ಸುಮ್ನಿರೋಣ. ಪ್ಲೇಸ್‌ಮೆಂಟ್ ಹತ್ರ ಬರ್ತಿದೆ. ನಾನು ಇದನ್ನ ರೆಸ್ಯೂಮೆಯಲ್ಲಿ ಹಾಕಿದ್ದೀನಿ ಮಗಾ." ಅವನ ಭಯ ಸುಳ್ಳಲ್ಲ. ಅವನೊಬ್ಬನದ್ದೂ ಅಲ್ಲ. ಮಂಗಳೂರಿನವ, "ಹೆಸರನ್ನು ಸದ್ದಿಲ್ಲದೆ ವಾಪಸ್ ಹಾಕುವ ಮಾರಾಯ, ಯಾರು ನೋಡ್ತಾರೆ?" ಅಂದ. ಧಾರವಾಡದವಳು ಲ್ಯಾಪ್‌ಟಾಪ್ ಮುಚ್ಚಿ ಹೇಳಿದ್ದು ಒಂದೇ ಮಾತು: "ಕಾಪಿ ಹೊಡಿಯೂ ಮುಂದ ನಾಲ್ಕೂ ಮಂದಿ ಇದ್ವಿ. ಈಗ ಹೇಳೂದಕ್ಕೂ ನಾಲ್ಕೂ ಮಂದಿ ಹೆಸರ ಹಾಕೂಣು. ಯಾರರ ಒಬ್ಬರ ಮ್ಯಾಲ ಹಾಕೂದು ಬ್ಯಾಡ." ಈ ಲೇಖನದಲ್ಲಿ 'ನಾನು' ಇಲ್ಲದೆ 'ನಾವು' ಇರೋದಕ್ಕೆ ಕಾರಣ ಆ ಮಾತು.

ಮಾರನೇ ದಿನ ಮೂರು ಕೆಲಸ ಮಾಡಿದ್ವಿ. ಅಳಿಸಿದ ಸಾಲುಗಳನ್ನ ಇದ್ದ ಹಾಗೇ ವಾಪಸ್ ಹಾಕಿ, ಯಾಕೆ ಹಾಕ್ತಿದ್ದೀವಿ ಅಂತ ಕಮಿಟ್ ಸಂದೇಶದಲ್ಲೇ ಬರೆದ್ವಿ. ಫೆಸ್ಟ್ ನಡೆಸಿದವರಿಗೆ ಇಮೇಲ್ ಮಾಡಿ, ಸ್ಲೈಡ್‌ನಲ್ಲಿ ಹೇಳಿದ್ದು ಸುಳ್ಳು, ಬಹುಮಾನ ವಾಪಸ್ ಕೊಡೋಕೆ ಸಿದ್ಧ ಅಂದ್ವಿ. ಮೂರನೆಯದಾಗಿ, ಲೈಬ್ರರಿ ಬರೆದವರಿಗೆ ಪುಲ್ ರಿಕ್ವೆಸ್ಟ್ ಕಳಿಸಿ, ಅದರಲ್ಲೇ ಎಲ್ಲ ಹೇಳಿಕೊಂಡ್ವಿ.

ಫೆಸ್ಟ್‌ನವರಿಂದ ಎರಡು ಸಾಲಿನ ಉತ್ತರ ಬಂತು. ಓಪನ್ ಸೋರ್ಸ್ ಬಳಸೋದಕ್ಕೆ ನಿಯಮದಲ್ಲಿ ಅಡ್ಡಿ ಇರಲಿಲ್ಲ, ಮುಂದಿನ ಸಲ ಹೆಸರು ಹೇಳಿ, ಅಂತ. ಓದಿ ಇನ್ನೂ ನಾಚಿಕೆ ಆಯ್ತು. ಮೊದಲೇ ನಿಜ ಹೇಳಿದ್ರೂ ಏನೂ ತೊಂದರೆ ಆಗ್ತಿರಲಿಲ್ಲ ಅಂತ ಅದರ ಅರ್ಥ. ಸರ್ಟಿಫಿಕೇಟ್ ಇನ್ನೂ ನಮ್ಮ ಹತ್ರ ಇದೆ. ಯಾರೂ ಗೋಡೆಗೆ ಹಾಕಿಲ್ಲ.

ಲೈಬ್ರರಿಯವರಿಂದ ಉತ್ತರ ಬರೋಕೆ ಹತ್ತೊಂಬತ್ತು ದಿನ ಹಿಡೀತು. ಸಿಟ್ಟಾಗಿದ್ದಾರೆ ಅಂದ್ಕೊಂಡು ದಿನಾ ಬೆಳಗ್ಗೆ ಎದ್ದು ನೋಡ್ತಿದ್ವಿ. ಬಂದ ಉತ್ತರದಲ್ಲಿ ಹೆಸರಿನ ವಿಷಯಕ್ಕೆ ಇದ್ದದ್ದು ಒಂದೇ ವಾಕ್ಯ: ವಾಪಸ್ ಹಾಕಿದ್ದಕ್ಕೆ ಧನ್ಯವಾದ. ಉಳಿದದ್ದೆಲ್ಲ ಪ್ರಶ್ನೆಗಳು. ಈ ಜೋಡಿಸೋ ಗುರುತು ರ ಒಂದಕ್ಕೇ ಯಾಕೆ? ಬೇರೆ ವ್ಯಂಜನಕ್ಕೂ ಬರಬಹುದಾ? ಎರಡು ಪದ ಪಕ್ಕಪಕ್ಕ ಇಟ್ಟು ತೋರಿಸ್ತೀರಾ? ಆಮೇಲೆ ಒಂದು ಸಾಲು, ಅದನ್ನ ಓದಿ ನಾವು ಬೆಚ್ಚಿಬಿದ್ವಿ: ನನಗೆ ಕನ್ನಡ ಓದೋಕೆ ಬರಲ್ಲ, ಯೂನಿಕೋಡ್‌ನ ಕೋಷ್ಟಕಗಳನ್ನ ನೋಡಿ ನಿಯಮ ಬರೆದೆ, ನೀವು ಹೇಳಿದ್ದನ್ನ ಪರೀಕ್ಷಿಸೋಕೆ ನನಗೆ ದಾರಿ ಇಲ್ಲ.

ನಮ್ಮ ಭಾಷೆ ಬರದ ಒಬ್ಬರು, ನಮ್ಮ ಒತ್ತಕ್ಷರ ಒಡೆಯಬಾರದು ಅಂತ ರಾತ್ರಿ ಕೂತು ಬರೆದಿದ್ದಾರೆ. ಕನ್ನಡ ಸಂಘದವರಾದ ನಾವು ಅವರ ಹೆಸರು ಅಳಿಸಿ ರಾಜ್ಯೋತ್ಸವ ಆಚರಿಸಿದ್ದೀವಿ.

ನಾವು ಬದಲಾಯಿಸಿದ ಕೋಡ್ ಮೂರೇ ಸಾಲು. ರ ಮತ್ತು ವಿರಾಮದ ನಡುವೆ ಜೋಡಿಸೋ ಗುರುತು ಬಂದ್ರೆ ಒಡೆಯಬೇಡ. ಜೋಡಿಸಬೇಡ ಅನ್ನೋ ಗುರುತು ಬಂದ್ರೆ ಅದನ್ನ ಹಿಂದಿನ ಅಕ್ಷರಕ್ಕೆ ಸೇರಿಸಿ ಅಲ್ಲಿಗೆ ನಿಲ್ಲಿಸು. ಆದ್ರೆ ಅದನ್ನ ಅರ್ಥ ಮಾಡಿಸೋಕೆ ಎರಡು ವಾರ ಆಯ್ತು. ಅರ್ಕಾವತ್ತು ಅಂದ್ರೆ ಏನು ಅಂತ ಇಂಗ್ಲಿಷ್‌ನಲ್ಲಿ ಬರೆದು ನೋಡಿ, ಗೊತ್ತಾಗುತ್ತೆ ಕಷ್ಟ. ಕೊನೆಗೆ ಕಾಗದದ ಮೇಲೆ 'ಸೂರ್ಯ', 'ರ‍್ಯಾಂಕ್' ಎರಡನ್ನೂ ದೊಡ್ಡದಾಗಿ ಬರೆದು, ಬಾಣ ಹಾಕಿ, ಫೋಟೋ ತೆಗೆದು ಕಳಿಸಿದ್ವಿ. ಪರೀಕ್ಷೆಗೆ ಅಂತ ಪದಗಳ ಪಟ್ಟಿ ಕೇಳಿದ್ರು. ನಮ್ಮ ಊರುಗಳ ಹೆಸರು, ಸಬ್ಜೆಕ್ಟ್‌ಗಳ ಹೆಸರು, ಮೆಸ್‌ನ ತಿಂಡಿಗಳ ಹೆಸರು, ಎಲ್ಲ ಸೇರಿಸಿ ಅರವತ್ತು ಪದ ಕೊಟ್ವಿ. ಪ್ರತಿಯೊಂದಕ್ಕೂ ಎಷ್ಟು ಅಕ್ಷರ, ಎಲ್ಲಿ ಒಡೆಯಬೇಕು ಅಂತ. ಈಗ ಲೋಕದಲ್ಲಿ ಯಾರೇ ಆ ಲೈಬ್ರರಿಯ ಪರೀಕ್ಷೆ ಓಡಿಸಿದ್ರೂ 'ಚಿತ್ರಾನ್ನ' ಮೂರು ಅಕ್ಷರ ಅಂತ ಒಂದು ಸಲ ಖಾತ್ರಿ ಆಗುತ್ತೆ.

ಡಿಸೆಂಬರ್ ಕೊನೇಲಿ ಅದು ಸೇರಿತು. ಬದಲಾವಣೆಗಳ ಪಟ್ಟಿಯಲ್ಲಿ ಕನ್ನಡದ ಬಗ್ಗೆ ಒಂದು ಸಾಲು, ಅದರ ಪಕ್ಕ ನಾಲ್ಕು ಹೆಸರು.

ಇದನ್ನ ಓದಿ ನೀವು ದೊಡ್ಡ ಪಾಠ ಕಲಿಯಬೇಕು ಅಂತೇನಿಲ್ಲ. ನಾವು ಕಲಿತದ್ದು ಒಂದು ಸಣ್ಣ ವಿಷಯ. ಓಪನ್ ಸೋರ್ಸ್‌ಗೆ ಕೈ ಜೋಡಿಸೋದು ಅಂದ್ರೆ ನಾವು ಲಿನಕ್ಸ್ ಕರ್ನಲ್ ಬರೆಯೋರ ಮಟ್ಟಕ್ಕೆ ಬೆಳೆದ ಮೇಲೆ ಮಾಡೋ ಕೆಲಸ ಅಂದ್ಕೊಂಡಿದ್ವಿ. ಆದ್ರೆ ನಿಮ್ಮ ಬ್ರೌಸರ್‌ನಲ್ಲಿ ಕನ್ನಡ ಹೇಗೆ ಕಾಣುತ್ತೆ ಅಂತ ಒಮ್ಮೆ ಯೋಚಿಸಿ. ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಒತ್ತುಗಳನ್ನ ಜಾಗಕ್ಕೆ ಕೂರಿಸೋದು ಹಾರ್ಫ್‌ಬಜ್ ಅನ್ನೋ ಓಪನ್ ಸೋರ್ಸ್ ಲೈಬ್ರರಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅಂತ ಕನ್ನಡದ ಮುಕ್ತ ಫಾಂಟ್‌ಗಳಿವೆ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡೋಕೆ ಬಳಸೋ ಜೆಕ್ವೆರಿ ಐಎಂಇ ಲೈಬ್ರರಿಯಲ್ಲಿ ನಮ್ಮ ಕಗಪ ಕೀಲಿಮಣೆ ವಿನ್ಯಾಸವೂ ಇದೆ. ಇವೆಲ್ಲದರಲ್ಲೂ ಎಲ್ಲೋ ಒಂದು ಕಡೆ, ಇದು ಹೀಗಲ್ಲ ಹೀಗಿರಬೇಕು ಅಂತ ಹೇಳೋಕೆ ಕನ್ನಡ ಓದೋ ಕಣ್ಣು ಬೇಕೇ ಬೇಕು. ಅದು ನಮ್ಮೆಲ್ಲರ ಹತ್ರ ಈಗಾಗಲೇ ಇದೆ, ಸಿಜಿಪಿಎ ಎಷ್ಟೇ ಇರಲಿ.

ಬೆಂಗಳೂರಿನವನ ರೆಸ್ಯೂಮೆಯಲ್ಲಿ ಈಗ ಆ ಸಾಲು ಬದಲಾಗಿದೆ. ಇಂಟರ್ವ್ಯೂನಲ್ಲಿ ಅದರ ಬಗ್ಗೆ ಕೇಳಿದ್ರಂತೆ. ಪೂರ್ತಿ ಕಥೆ ಹೇಳಿದನಾ ಅಂತ ಕೇಳಿದ್ರೆ, "ಮುಕ್ಕಾಲು ಹೇಳಿದೆ" ಅಂದ. ಉಳಿದ ಕಾಲು ಭಾಗ ಇಲ್ಲಿದೆ.

ಮೊದಲ ವರ್ಷದ ಆ ಹುಡುಗ ಈಗ ಎರಡನೇ ಸೆಮಿಸ್ಟರ್. ಶನಿವಾರ ಮಧ್ಯಾಹ್ನ ಸಂಘದ ಕೋಣೆಗೆ ಬಂದು ನಮ್ಮ ಜೊತೆ ಕೂರ್ತಾನೆ. ಅವನ ಅಜ್ಜಿಗೆ ಗೊತ್ತಿರೋ ಹಳೇ ಪದಗಳನ್ನೆಲ್ಲ ಪಟ್ಟಿ ಮಾಡಿ ತಂದು ಒಂದೊಂದಾಗಿ ಒಡೆದು ನೋಡ್ತಿದ್ದಾನೆ. ಹೋದ ವಾರ ಇನ್ನೊಂದು ಪದ ಮುರೀತು. ನೀವೂ ಬನ್ನಿ. ಕೋಡ್ ಬರದಿದ್ರೆ ಪರವಾಗಿಲ್ಲ, ಕನ್ನಡ ಓದೋಕೆ ಬಂದ್ರೆ ಸಾಕು.